ಮೊದಲ ವ್ಯಾಟಿನ ಮಾತು

"ತಮ್ಮಾ, ವಾಲ್ವಿನ ಆಂಪ್ಲಿಫೈಯರ್ ಒಂದು ತಗೋಬೇಕಂತ ಮಾಡೀನಿ. ಟ್ರಾನ್ಸಿಸ್ಟರಿಂದು ಬ್ಯಾಡ. ನೀ ಏನಂತಿ?"

ಕಂಪೌಂಡ್ ಗೋಡೆಯ ಆಚೆ ದಾಸವಾಳಕ್ಕೆ ನೀರು ಬಿಡುತ್ತ ಕಾಕಾ ಕೇಳಿದರು. ಬೀದರಿನಲ್ಲಿ ಮನೆ ಕಟ್ಟಿ ಎಷ್ಟೋ ಕಾಲವಾದರೂ ಅವರ ಕಿವಿ ಇನ್ನೂ ಭಾಲ್ಕಿ ತಾಲೂಕಿನ ಊರಿನಲ್ಲೇ ಇದೆ. ಅಲ್ಲಿ ಗೌಡರ ಪಡಸಾಲೆಯಲ್ಲಿ ಮರ್ಫಿ ರೇಡಿಯೊ ಇತ್ತು. ಗುಂಡಿ ತಿರುವಿದರೆ ಅರ್ಧ ನಿಮಿಷ ಮೌನ. ಒಳಗಿನ ವಾಲ್ವು ಕಾದ ಮೇಲೆ ಹೈದರಾಬಾದ್ ಕೇಂದ್ರ ಮೆಲ್ಲಗೆ ಏರಿಬರುತ್ತಿತ್ತು. ಬುಧವಾರ ರಾತ್ರಿ ಸಿಲೋನಿನ ಬಿನಾಕಾ ಗೀತಮಾಲಾ. 1966ರಲ್ಲಿ ಗುಲ್ಬರ್ಗಾ ಆಕಾಶವಾಣಿ ಶುರುವಾದ ಮೇಲೆ ಹತ್ತಿರದಿಂದಲೇ ಕನ್ನಡ.

"ಆ ದನಿ ಎಷ್ಟು ದುಂಡಗಿತ್ತು ಗೊತ್ತೇನು? ಈಗಿನ ಮಶೀನು ಬರೇ ಕಿವಿ ಚುಚ್ಚತಾವ."

"ಛಲೋ ದನಿ ಖರೇ ಕಾಕಾ. ಆದರ ಅದನ್ನ ಮಾಡಿದ್ದು ವಾಲ್ವ್ ಒಂದೇ ಅಲ್ರಿ."

ಅಂಥ ರೇಡಿಯೊದಲ್ಲಿ ಕಾಗದದ ಕೋನಿನ ದೊಡ್ಡ ಸ್ಪೀಕರ್ ಇರುತ್ತಿತ್ತು, ಅದರ ಸುತ್ತ ಮರದ ಪೆಟ್ಟಿಗೆ. ಮೀಡಿಯಂ ವೇವಿನಲ್ಲಿ ಬರುವ ದನಿಯಲ್ಲಿ ಚೂಪಾದ ಮೇಲಿನ ಭಾಗ ಮೊದಲೇ ಕಮ್ಮಿ. ಇವೆಲ್ಲ ಕೂಡಿ ದನಿ ದುಂಡಗಾಯಿತು. ಅದೇ ವಾಲ್ವುಗಳನ್ನು ತಂದು ಇವತ್ತಿನ ಸಣ್ಣ ಪ್ಲಾಸ್ಟಿಕ್ ಡಬ್ಬಿ ಸ್ಪೀಕರಿಗೆ ಜೋಡಿಸಿದರೆ ಗೌಡರ ಪಡಸಾಲೆ ವಾಪಸ್ ಬರುವುದಿಲ್ಲ.

"ಹಂಗಾರ ವಾಲ್ವಿನಾಗ ಏನೂ ಇಲ್ಲಂತಿ?"

"ಅದರ್ರಿ. ಇಲ್ಲಂತ ಹ್ಯಾಂಗ ಹೇಳ್ಲಿ?"

ಒಂದೇ ಪವರ್ ವಾಲ್ವಿನ ಆಂಪ್ಲಿಫೈಯರ್, ತಾನು ದೊಡ್ಡದು ಮಾಡುವ ಸ್ವರದ ಜೊತೆ ಅದರ ಎರಡು ಪಟ್ಟು ಕಂಪನದ ಸ್ವರವನ್ನೂ ಒಂದಿಷ್ಟು ಬೆರೆಸುತ್ತದೆ. ಅಂದರೆ ಷಡ್ಜದ ಬೆನ್ನಿಗೆ ಮೇಲಿನ ಷಡ್ಜ. ಅಳತೆಯ ಲೆಕ್ಕದಲ್ಲಿ ಅದು ದೋಷವೇ. ಕಿವಿಗೆ ಮಾತ್ರ ಅದು ಅಪಸ್ವರವಲ್ಲ, ದನಿ ತುಂಬಿಕೊಂಡಂತೆ ಕೇಳುತ್ತದೆ. ಶಕ್ತಿ ಮೀರಿ ದುಡಿಸಿದಾಗಲೂ ವಾಲ್ವು ಅಲೆಯ ನೆತ್ತಿಯನ್ನು ದುಂಡಗೆ ಬಾಗಿಸುತ್ತದೆ. ಟ್ರಾನ್ಸಿಸ್ಟರು ಒಮ್ಮೆಲೇ ಕತ್ತರಿಸುತ್ತದೆ.

ಟ್ರಾನ್ಸಿಸ್ಟರಿಗೆ ಬಂದ ಕೆಟ್ಟ ಹೆಸರಿಗೂ ಕಾರಣವಿದೆ. ಅದರ ಆಂಪ್ಲಿಫೈಯರಿನಲ್ಲಿ ಅಲೆಯ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರು, ಕೆಳಗಿನ ಅರ್ಧವನ್ನು ಇನ್ನೊಂದು ಹೊರುತ್ತದೆ. ಕೈ ಬದಲಾಗುವ ಆ ಜಾಗದಲ್ಲಿ ಹಳೆಯ ಸೆಟ್ಟುಗಳು ತಡವರಿಸುತ್ತಿದ್ದವು. ಜೋರಾಗಿ ಹಾಕಿದರೆ ಅದು ಮುಚ್ಚಿಹೋಗುತ್ತಿತ್ತು, ಮೆಲ್ಲಗೆ ಹಾಕಿದಾಗ ಚುಚ್ಚುತ್ತಿತ್ತು. ಬೆಂಗಳೂರಿನ ಬಿಇಎಲ್ 1961ರಲ್ಲಿ ರೇಡಿಯೊ ವಾಲ್ವು ತಯಾರಿಸತೊಡಗಿತು, 1962ರಲ್ಲೇ ಜರ್ಮೇನಿಯಂ ಅರೆವಾಹಕ. ಒಂದು ವರ್ಷದ ಅಂತರ, ಅಷ್ಟೇ. ಆದರೆ ಆಗ ವಾಲ್ವು ಅರ್ಧ ಶತಮಾನ ಪಳಗಿದ ಸಾಮಾನು. ಟ್ರಾನ್ಸಿಸ್ಟರು ಅಮೆರಿಕದ ಬೆಲ್ ಲ್ಯಾಬಿನಲ್ಲಿ 1947ರಲ್ಲಷ್ಟೇ ಹುಟ್ಟಿದ ಕೂಸು. ಅದರ ಎಳೆತನ ಕೇಳಿದವರ ಕಿವಿಯಲ್ಲಿ ಆ ಕಹಿ ಉಳಿದಿದೆ. ಈಗಿನ ಒಳ್ಳೆಯ ಆಂಪ್ಲಿಫೈಯರಿನಲ್ಲಿ ಎರಡೂ ಟ್ರಾನ್ಸಿಸ್ಟರುಗಳಲ್ಲಿ ಸದಾ ಸ್ವಲ್ಪ ಕರೆಂಟ್ ಹರಿಯುವಂತೆ ಬಯಾಸ್ ಇಟ್ಟಿರುತ್ತಾರೆ. ಆ ತಡವರಿಕೆ ಈಗ ಕಿವಿಗೆ ಸಿಗುವುದಿಲ್ಲ.

"ಕಾಕಾ, ರಾತ್ರಿ ಊಟ ಆದ್ಮ್ಯಾಲೆ ಮಲ್ಲಿಕಾರ್ಜುನ ಮನ್ಸೂರರ ವಚನ ಹಾಕ್ತೀರಲ್ಲ, ಆವಾಗ ಎಷ್ಟು ವ್ಯಾಟ್ ಖರ್ಚಾಗ್ತದಂತ ತಿಳದೀರಿ?"

"ಐವತ್ತು?"

"ಒಂದರ ಆಜೂಬಾಜೂರಿ."

ಮನೆಯಲ್ಲಿ ಕೇಳುವವರಿಗೆ ನಾನು ಹೇಳುವುದು ಇದನ್ನೇ. ನಮ್ಮ ಸುಖವೆಲ್ಲ ಮೊದಲ ವ್ಯಾಟಿನಲ್ಲಿದೆ. ಆಲಾಪದ ತುದಿಯಲ್ಲಿ ಸಣ್ಣಗಾಗುವ ಉಸಿರು, ತಂಬೂರಿಯ ಝೇಂಕಾರ, ಎರಡು ಸಾಲಿನ ನಡುವಿನ ಬಿಡುವು, ಎಲ್ಲ ಅಲ್ಲೇ. ಆ ಒಂದು ವ್ಯಾಟನ್ನು ಶುದ್ಧವಾಗಿ ಕೊಡುವ ಆಂಪ್ಲಿಫೈಯರ್ ವಾಲ್ವಿನದಾಗಲಿ ಟ್ರಾನ್ಸಿಸ್ಟರಿನದಾಗಲಿ, ಒಳ್ಳೆಯದೇ. 90ರ ದಶಕದಲ್ಲಿ ಪಿಎಂಪಿಒ ಅಂತ ಡಬ್ಬಿಯ ಮೇಲೆ ಸಾವಿರಗಟ್ಟಲೆ ವ್ಯಾಟ್ ಬರೆದ ಟೇಪುಗಳು ಮಾರಾಟವಾದವು. ಆ ಸಂಖ್ಯೆಗೂ ಸಂಗೀತಕ್ಕೂ ಸಂಬಂಧವಿರಲಿಲ್ಲ.

ಮಿಕ್ಕದ್ದನ್ನು ತೀರ್ಮಾನಿಸುವುದು ಸ್ಪೀಕರ್. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ದನಿ ಬರುತ್ತದೆ ಎಂದು ಅದರ ಕಾಗದದಲ್ಲಿ ಬರೆದಿರುತ್ತದೆ. 95 ಡೆಸಿಬೆಲ್ಲಿನ ಸ್ಪೀಕರ್ 5 ವ್ಯಾಟಿನಲ್ಲಿ ಕೊಡುವ ದನಿಗೆ 87ರ ಸ್ಪೀಕರ್ 30 ವ್ಯಾಟಿಗಿಂತ ಹೆಚ್ಚು ಕೇಳುತ್ತದೆ. ಇಎಲ್84 ಎಂಬ ಸಣ್ಣ ವಾಲ್ವು ಒಂಟಿಯಾಗಿ ಕೊಡುವುದು ಸುಮಾರು 5 ವ್ಯಾಟ್. ಮೊದಲ ಸ್ಪೀಕರಿಗೆ ಅದು ಧಾರಾಳ. ಎರಡನೆಯದಕ್ಕೆ ಜೋಡಿಸಿದರೆ ಪಾಪ, ಏದುಸಿರು ಬಿಡುತ್ತದೆ. ಆಮೇಲೆ ನಾವು ವಾಲ್ವನ್ನು ಬೈಯುತ್ತೇವೆ.

"ಔರಾದದ ಅಳಿಯನೂ ವಾಲ್ವಿಂದೇ ಬೇಕಂತಾನಲ್ಲೋ."

"ಅವರಿಗೆ ಟ್ರಾನ್ಸಿಸ್ಟರೇ ಕೊಡಸ್ರಿ."

ಅಳಿಯನ ಮನೆ ಹೊಲದ ಕಡೆ. ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾಗಿ 230 ಇರಬೇಕಾದ ಲೈನು 190ಕ್ಕೆ ಇಳಿದರೆ, 6.3 ವೋಲ್ಟ್ ಬೇಡುವ ವಾಲ್ವಿನ ಹೀಟರಿಗೆ 5.2 ಸಿಗುತ್ತದೆ. ಲೈನು ವಿಪರೀತ ಏರಿದರೆ ವಾಲ್ವಿನ ಆಯುಷ್ಯವೇ ಕಮ್ಮಿ. ಒಳ್ಳೆಯ ಸ್ಟೆಬಿಲೈಜರ್ ಇಲ್ಲದೆ ಅದನ್ನು ಅಲ್ಲಿ ಇಡುವುದು ತಪ್ಪು. ಒಳಗೆ 250, 300 ವೋಲ್ಟಿನ ಡಿಸಿ ಬೇರೆ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಅದು ಉಳಿದಿರಬಹುದು. ಓಡಾಡುವ ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಬಾರದು. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ, ನಾಲ್ಕು ಇಎಲ್34 ವಾಲ್ವು ಇರುವ ಆಂಪ್ಲಿಫೈಯರಿನ ಹೀಟರುಗಳೇ 38 ವ್ಯಾಟ್ ಕಾವು ಕೊಡುತ್ತವೆ. ಪವರ್ ವಾಲ್ವು ಕೆಲವು ಸಾವಿರ ತಾಸು ದುಡಿದು ಸೋಲುತ್ತದೆ. ಹೊಸದು ಸ್ಲೊವಾಕಿಯಾ, ರಷ್ಯಾ, ಚೀನಾದಿಂದ ಬರಬೇಕು. ಟ್ರಾನ್ಸಿಸ್ಟರ್ ಸುಟ್ಟರೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಬಿಡಿಭಾಗ ಸಿಕ್ಕೀತು, ಊರಿನ ಮೆಕ್ಯಾನಿಕ್ಕೇ ಹಾಕಿಕೊಟ್ಟಾನು.

"ಮತ್ತ ನನ್ನ ಕ್ವಾಣಿ?"

ಅದನ್ನೂ ಹೇಳಿದೆ. ಕಾಕಾರ ಕೋಣೆಗೆ ಶಹಾಬಾದ್ ಕಲ್ಲಿನ ನೆಲ, ಬರೀ ಗೋಡೆ, ಮೇಲೆ ಸ್ಲ್ಯಾಬ್. ಅಲ್ಲಿ ದನಿ ಕಲ್ಲಿನಿಂದ ಕಲ್ಲಿಗೆ ಬಡಿದು ಕಿವಿಗೆ ಬರುತ್ತದೆ. ಅವರು ಟ್ರಾನ್ಸಿಸ್ಟರಿನ ಮೇಲೆ ಹೊರಿಸುವ ಚುಚ್ಚುವಿಕೆಯಲ್ಲಿ ಆ ಕಲ್ಲಿನ ಪಾಲು ದೊಡ್ಡದು. ಸ್ಪೀಕರಿನ ಮುಂದೆ ದಪ್ಪ ಜಮಖಾನ ಹಾಸಿ, ಎದುರು ಗೋಡೆಗೆ ಮನೆಯ ಎರಡು ಕೌದಿ ತೂಗುಹಾಕಿದರೆ ಈಗಿರುವ ಮಶೀನೇ ಬೇರೆಯಾಗಿ ಕೇಳುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ನೀರಿನ ಪೈಪು ಕೆಳಗಿಟ್ಟು ಕಾಕಾ ಲೆಕ್ಕ ಹಾಕಿದರು.

"ಹಂಗಾರ ಮೊದಲು ಕೌದಿ. ಆಮ್ಯಾಲೆ ಸ್ಪೀಕರಿಗೆ ಅರ್ಧಕ್ಕಿಂತ ಹೆಚ್ಚು ರೊಕ್ಕ. ಔರಾದಕ್ಕ ಟ್ರಾನ್ಸಿಸ್ಟರ್. ನನಗ ಮಾತ್ರ, ಸ್ಪೀಕರ್ ಒಪ್ಪಿದರ, ಇಎಲ್84ರ ಸಣ್ಣದೊಂದು ವಾಲ್ವಿಂದು. ಕೇಳಾವ ನಾ ಒಬ್ಬನೇ, ಮೆಲ್ಲಗ ಕೇಳಾವ. ಸರಿನಾ?"

"ಭಾಳ ಸರಿ ಕಾಕಾ. ಅಂಗಡಿಗೆ ಹೋಗಾಗ ನಿಮ್ಮ ಮನ್ಸೂರರ ಸಿ.ಡಿ. ನೀವೇ ಒಯ್ಯರಿ. ರಾತ್ರಿ ಮನ್ಯಾಗ ಎಷ್ಟು ಇಡ್ತೀರೋ ಅಷ್ಟೇ ವಾಲ್ಯೂಮ್ ಇಟ್ಟು ಅರ್ಧ ತಾಸು ಕೂತು ಕೇಳ್ರಿ. ಅಷ್ಟರಾಗ ಗುಂಡಿ ಕಡೆ ಕೈ ಹೋಗಲಿಲ್ಲಂದ್ರ, ಅದನ್ನೇ ತಗೋರಿ."