ಬಹುವಚನದ ಷರಾಯಿ

ಆಂಗ್ಲಭಾಷೆಯು ವಸ್ತ್ರಗಳ ಮೂಲಕವೇ ಬಾಲಕರ ಬುದ್ಧಿಯನ್ನು ಪ್ರವೇಶಿಸತಕ್ಕುದೆಂದು ದೃಢವಾಗಿ ನಂಬಿದ ಇಂಗ್ಲಿಷ್ ಮಾಸ್ತರರ ಕುಲವೊಂದು ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಉಂಟು. ಆ ಕುಲದ ಮುಕುಟಮಣಿಯೊಬ್ಬರ ಕೈಯಲ್ಲಿ ಮೂರು ವರ್ಷ ನಲುಗಿದ ನಾನು ಈ ಚಿತ್ರವನ್ನು ನಿಷ್ಪಕ್ಷಪಾತವಾಗಿ ಬರೆಯುವೆನೆಂದು ಓದುಗರು ನಂಬಬೇಕಾಗಿಲ್ಲ.

ಬಿಳಿಯ ಧೋತರ, ಕರಿಯ ಕೋಟು. ಶಹಾಪುರದ ಗುಡ್ಡಗಳ ಆಕಾರದಲ್ಲಿ ಮಲಗಿರುವ ಬುದ್ಧನೇ ಮಗ್ಗುಲು ಬದಲಿಸಿಯಾನೆನ್ನಿಸುವ ಬಿಸಿಲಿನಲ್ಲಿಯೂ ಅವರು ಕೋಟು ಕಳಚಿದವರಲ್ಲ, ಅದು ಪಾಠೋಪಕರಣ. "ದಿಸ್ ಈಸ್ ಎ ಕೋಟ್" ಎಂದು ತಮ್ಮ ಎದೆಯನ್ನೂ, "ದಟ್ ಈಸ್ ಎ ಕ್ಯಾಪ್" ಎಂದು ಬೆತ್ತ ಚಾಚಿ ನಮ್ಮ ಟೊಪ್ಪಿಗೆಯನ್ನೂ ತಟ್ಟುತ್ತಿದ್ದರಾಗಿ, ದಿಸ್-ದಟ್ಟುಗಳ ಅಂತರವನ್ನು ನಾನು ಇಂದಿಗೂ ನೆತ್ತಿಯಿಂದಲೇ ಅರಿಯುತ್ತೇನೆ.

ಸುರಪುರದವರಾದ ಅವರಿಗೆ, 1840ರ ದಶಕದಲ್ಲಿ ಅಲ್ಲಿಗೆ ಬಂದು ಬಾಲರಾಜ ವೆಂಕಟಪ್ಪ ನಾಯಕನಿಂದ "ಅಪ್ಪಾ" ಎನ್ನಿಸಿಕೊಂಡ ಆಂಗ್ಲ ಅಧಿಕಾರಿ ಮೆಡೋಸ್ ಟೇಲರನಲ್ಲಿ ಅಪಾರ ಭಕ್ತಿ. ಟೇಲರ್ ಎಂದರೆ ದರ್ಜಿಯೆಂದು ಹಿಂದಿನ ದಿನವಷ್ಟೇ ಕಲಿತಿದ್ದ ನಾವು, ಆ ಪುಣ್ಯಾತ್ಮನು ಅರಸರ ಅಂಗಿ ಹೊಲಿದೇ ಟೇಲರ್ ಮಂಜಿಲ್ ಎಂಬ ಬಂಗಲೆ ಕಟ್ಟಿಸಿದನೆಂದು ಬಹುಕಾಲ ತಿಳಿದಿದ್ದೆವು.

ಅವರ ಪರಮಪ್ರಿಯ ಪಾಠವು ಷರಾಯಿ. "ಎರಡು ಕಾಲು, ಆದುದರಿಂದ ಬಹುವಚನ, ದೀಸ್ ಆರ್ ಟ್ರೌಸರ್ಸ್" ಎಂದು ಅವರು ಸಾರಿದೊಡನೆ ಹಿಂದಿನ ಸಾಲಿನಿಂದ ಧ್ವನಿಯೊಂದು ಹೊರಟಿತು:

"ಮಾಸ್ತರ್ರೀ, ಅಂಗೀಗಿ ಎರಡ ತೋಳದಾವಲ್ರೀ?"

"ತೋಳ ಬ್ಯಾರೆ, ಕಾಲ ಬ್ಯಾರೆ. ಕೂಡು!"

"ಹಂಗಾದ್ರ ನಿಮ್ಮ ಧೋತರ ಯಾವ ವಚನ್ರೀ?"

ಮಾಸ್ತರರು ತಮ್ಮ ಕಾಲುಗಳನ್ನು ದೀರ್ಘಕಾಲ ದಿಟ್ಟಿಸಿ, "ಒಣಗ್ಹಾಕಿದಾಗ ಏಕವಚನ, ಉಟ್ಟಾಗ ಬಹುವಚನ!" ಎಂದು ತೀರ್ಪಿತ್ತರು. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ತಾವು ಕಲಿತಾಗ ಒಂಟಿಯಾಗಿದ್ದ ಪಾಯಜಾಮವು ವಿಲಾಯತಿಗೆ ಹೋಗಿ "ಪಜಾಮಾಸ್" ಎಂದು ಬಹುವಚನವಾಗಿ ಮರಳಿದುದನ್ನು ಮಾತ್ರ ಅವರು ಕಡೆಯವರೆಗೂ ಕ್ಷಮಿಸಲಿಲ್ಲ.

ಸೀರೆ ಉಡುವ, ಅಂಗಿ ತೊಡುವ, ರುಮಾಲು ಸುತ್ತುವ, ಹೂವು ಮುಡಿಯುವ, ಕೆರ ಮೆಟ್ಟುವ ನಮ್ಮ ಜನಕ್ಕೆ "ವೇರ್" ಎಂಬ ಒಂದೇ ಕ್ರಿಯಾಪದವನ್ನು ಹಂಚುವಾಗ ಅವರ ಸ್ವರ ತಗ್ಗುತ್ತಿತ್ತು. "ಪಾಪ, ಇಂಗ್ಲಿಷರಲ್ಲಿ ಇಷ್ಟೇ ಅದ" ಎನ್ನುತ್ತಿದ್ದರು. ಇಂತಹ ಗುರುವಿನ ಶಿಷ್ಯನಾಗಿಯೂ ನಾನು ನೌಕರಿಯ ಪ್ರಥಮ ಅರ್ಜಿಯಲ್ಲಿ ಏಳು ತಪ್ಪು ಬರೆದೆನೆಂಬುದು ಬೇರೆಯ ಮಾತು.

ಅವರ ತರ್ಕವನ್ನು ನೆನೆದು ನಗುವಾಗಲೆಲ್ಲ ಈಗೀಗ ಆ ಕೋಟಿನ ಮೊಣಕೈಗೆ ಹಚ್ಚಿದ್ದ ತೇಪೆಯೂ ಕಣ್ಣೆದುರು ಬರುತ್ತದೆ. ವಸ್ತ್ರಗಳ ಹೆಸರನ್ನೆಲ್ಲ ನಮಗೆ ಧಾರೆಯೆರೆದು, ಕೋಟ್-ಕೋಟ್ಸ್ ಎಂದು ನೂರು ಸಲ ಬರೆಯಿಸಿದ ಮಾಸ್ತರರ ಬಳಿ ಇದ್ದುದು ಒಂದೇ ಕೋಟು. ನಿವೃತ್ತಿಯ ದಿನ ಹಾರ ಬಿದ್ದುದೂ ಅದರ ಮೇಲೆಯೇ.