ಅಣ್ಣಾರು

ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಮುಂಬಯಿಯಲ್ಲಿ ಜನ್ಮತಳೆದು, ಮರುವರ್ಷ ಧಾರವಾಡಕ್ಕೆ ಬಂದು ನೆಲೆಸಿತೆಂಬುದು ಬಹುಜನ ಬಲ್ಲ ಸಂಗತಿ. ಆದರೆ ಆ ಊರಿನ ವಿದ್ಯಾರ್ಥಿನಿಲಯದಲ್ಲಿ ಅಣ್ಣಾರು ಯಾವ ವರ್ಷ ಬಂದು ನೆಲೆಸಿದರೆಂಬುದನ್ನು ಹೇಳಬಲ್ಲವರು ಯಾರೂ ಅಲ್ಲುಳಿದಿಲ್ಲ. ಅವರ ಸಹಪಾಠಿಗಳೆಲ್ಲ ಪದವೀಧರರಾಗಿ, ಸಂಸಾರಸ್ಥರಾಗಿ, ಕೆಲವರು ಹೆಣ್ಣು ಕೊಟ್ಟ ಮಾವಂದಿರೂ ಆಗಿ ಹೋಗಿರುವರು.

ಹೆಗಲ ಮೇಲೆ ಟ್ರಂಕು, ಕಂಕುಳಲ್ಲಿ ಜಮಖಾನೆಯ ಸುರುಳಿ, ಕಣ್ಣಲ್ಲಿ ದಿಗ್ಭ್ರಮೆ ಹೊತ್ತ ಹೊಸ ಹುಡುಗನು ಬಾಗಿಲಲ್ಲಿ ಕಂಡೊಡನೆ ಅಣ್ಣಾರು ಊರು ಕೇಳುವುದಿಲ್ಲ, ಜಮಖಾನೆಯ ಅಂಚನ್ನು ಮುಟ್ಟಿ ನೋಡಿ, "ನವಲಗುಂದೇನೋ ತಮ್ಮಾ?" ಎನ್ನುವರು. ಅಣ್ಣಿಗೇರಿಯವನಾದರೆ, "ಪಂಪನ ಊರವ ಹಳಗನ್ನಡಕ್ಕ ಅಂಜಿದ್ರ ಹ್ಯಾಂಗ?" ಎಂದು ಧೈರ್ಯ ತುಂಬುವರು. ಕಲಘಟಗಿಯವನಿಗೆ ಮಾತ್ರ ವಿಶೇಷ ಸಹಾನುಭೂತಿ: ಬಣ್ಣದ ತೊಟ್ಟಿಲ ಊರಲ್ಲಿ ಹುಟ್ಟಿದವನಿಗೆ ಕಬ್ಬಿಣದ ಮಂಚ ಒಗ್ಗಲು ಕಾಲ ಬೇಕೆಂಬುದು ಅವರ ಸಿದ್ಧಾಂತ.

ಶುಲ್ಕದ ರಿಯಾಯಿತಿಗೆ ಯಾವ ಗುಮಾಸ್ತರನ್ನು ಊಟಕ್ಕೆ ಮುಂಚೆ ಕಾಣಬೇಕು, ಯಾರನ್ನು ಊಟದ ತರುವಾಯವೇ ಕಾಣಬೇಕು ಎಂಬ ಸೂಕ್ಷ್ಮವನ್ನು ಬಲ್ಲವರು ಅವರೊಬ್ಬರೇ. ಕಿಸೆ ಬರಿದಾದವನನ್ನು ಮುರುಘಾಮಠದ ಪ್ರಸಾದನಿಲಯಕ್ಕೆ ಕೈಹಿಡಿದು ಕರೆದೊಯ್ಯುವರು. ರಾತ್ರಿ ಅವ್ವನ ನೆನಪಾಗಿ ಬಿಕ್ಕುವವನಿಗೆ, "ಅಳು, ಬ್ಯಾಡನ್ನೂದಿಲ್ಲ, ಆದ್ರ ಬಚ್ಚಲದಾಗ ಅಳು, ಮುಖ ತೊಳಕೊಳ್ಳಾಕ ಅನುಕೂಲ" ಎಂದು ಹಿತೋಪದೇಶ. ಇನ್ನು ಪ್ರಶ್ನಪತ್ರಿಕೆಗಳ ವಿಷಯದಲ್ಲಿ ಅವರದು ಅಗಾಧ ಪಾಂಡಿತ್ಯ. ಯಾವ ಪ್ರಶ್ನೆ ಯಾವ ವರ್ಷ ಬಂದಿತ್ತೆಂಬುದೆಲ್ಲ ಕಂಠಸ್ಥ, ಏಕೆಂದರೆ ಪ್ರತಿಯೊಂದನ್ನೂ ಖುದ್ದಾಗಿ ಎದುರಿಸಿದವರು. ಉತ್ತರಗಳು ಮಾತ್ರ ಕಂಠಸ್ಥವಾಗಲಿಲ್ಲ.

ಈ ಸಮಸ್ತ ಸೇವೆಗೆ ಅವರು ಚಿಕ್ಕಾಸನ್ನೂ ಮುಟ್ಟಿದವರಲ್ಲ. ಆದರೆ ಊರ ಕಡೆಯಿಂದ ಮುಂಜಾನೆಯ ಬಸ್ಸಿಗೆ ಬರುವ ಬುತ್ತಿಯ ಗಂಟು ಮೊದಲು ಬಿಚ್ಚಿಕೊಳ್ಳುವುದು ಅವರ ಕೋಣೆಯಲ್ಲಿಯೇ. "ದಾರ್ಯಾಗ ಹಳಸಿರತೈತಿ, ನೋಡೂಣ ತಡಿ" ಎಂದು ಎಣ್ಣೆಗಾಯಿಯನ್ನು ರೊಟ್ಟಿಯ ಚೂರಿನಿಂದ ಪರೀಕ್ಷಿಸುವರು. ಒಂದು ಚೂರಿನಿಂದ ನಿರ್ಣಯವಾಗದೆ ಎರಡನೆಯ ರೊಟ್ಟಿ ಮುರಿಯಬೇಕಾಗುವುದು. ಶೇಂಗಾ ಹಿಂಡಿ ಹಳಸುವ ವಸ್ತುವಲ್ಲವೆಂದು ಯಾರಾದರೂ ನುಡಿದರೆ, ಅದನ್ನೂ ಖಚಿತಪಡಿಸಿಕೊಳ್ಳುವರು. ಪರೀಕ್ಷೆಯೊಂದರಲ್ಲಿ ಅವರು ಇಷ್ಟು ಶ್ರದ್ಧೆ ತೋರಿದ್ದು ಇಲ್ಲಿಯೇ ಎನ್ನುವವರುಂಟು. ಅದು ಹೊಟ್ಟೆಕಿಚ್ಚಿನ ಮಾತು.

ಹೋದ ಸಲ ಅಣ್ಣಾರು ಎಂದಿನಂತೆ ಉಳಿದ ಒಂದು ಪತ್ರಿಕೆಗೆ ಕುಳಿತಿದ್ದಾಗ, ಮೇಲ್ವಿಚಾರಕನಾಗಿ ಬಂದ ತರುಣ ಅಧ್ಯಾಪಕನು, ಒಮ್ಮೆ ಅವರ ಕೋಣೆಯಲ್ಲಿ ಬುತ್ತಿ ಬಿಚ್ಚಿದ್ದ ಕುಂದಗೋಳದ ಹುಡುಗನೇ, ಅವರನ್ನು ಕಂಡು ಕೈಕಾಲು ನಡುಗಿ ಉತ್ತರಪತ್ರಿಕೆಗಳ ಕಟ್ಟನ್ನೇ ಕೆಳಕ್ಕೆ ಚೆಲ್ಲಿಬಿಟ್ಟನು. ಅಣ್ಣಾರು ಎದ್ದು ಅವನ್ನು ಆಯ್ದು ಜೋಡಿಸಿಕೊಟ್ಟು, ಬೆನ್ನು ಸವರಿ, ಮೆಲ್ಲಗೆ ನುಡಿದರು: "ಮೊದಲ್ನೇ ಸಲ ಎಲ್ಲಾರಿಗೂ ಹಿಂಗ ಆಗತೈತಿ ತಮ್ಮಾ. ಗಾಬರಿ ಆಗಬ್ಯಾಡ. ನಿನ್ನ ಸಹಿ ಇಲ್ಲಿ, ಬಲಗಡೆ ಚೌಕದಾಗ ಹಾಕು."