ಓದಿನ ಬಾಕಿ

ಬ್ಲಾಗಿನ ಹುಚ್ಚು ಹತ್ತಿದವರಿಗೆ ಒಂದು ಕಾಲದಲ್ಲಿ ಬೆಳಗಿನ ಕಾಫಿಯ ಜೊತೆಗೆ ಗಸ್ತು ತಿರುಗುವ ಕೆಲಸವೂ ಇರುತ್ತಿತ್ತು. ಒಂದೊಂದೇ ವಿಳಾಸ ಒತ್ತಿ ಇಣುಕುವುದು, ಮೊನ್ನೆಯ ಬರಹವೇ ಹಲ್ಲು ಕಿರಿಯುತ್ತಿದ್ದರೆ ಮುಂದಿನ ಬ್ಲಾಗಿಗೆ ಹೋಗುವುದು. ಮಧ್ಯಾಹ್ನ ಏನಾದರೂ ಬರೆದಿರಬಹುದೆಂಬ ಆಸೆಯಿಂದ ಸಂಜೆ ಇನ್ನೊಂದು ಸುತ್ತು. ಬರೆಯುವವರಿಗಿಲ್ಲದ ಶಿಸ್ತು ಓದುವವರಿಗಿತ್ತು.

ಈ ಅಲೆದಾಟ ತಪ್ಪಿಸಿದ್ದು ಫೀಡ್. 1999ರ ಮಾರ್ಚ್‌ನಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ‘ಮೈ ನೆಟ್‌ಸ್ಕೇಪ್’ ತಾಣಕ್ಕಾಗಿ ಆರ್‌ಎಸ್‌ಎಸ್ ಎಂಬ ಫೀಡ್ ಮಾದರಿಯ ಮೊದಲ ರೂಪವನ್ನು ತಂದಿತು. ಅದನ್ನು ಕಟ್ಟಿದವರಲ್ಲಿ ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ ಒಬ್ಬರು. ಫೀಡನ್ನು ಬಿಚ್ಚಿ ನೋಡಿದರೆ ಒಳಗೆ ಮಾಯೆಯೇನೂ ಇಲ್ಲ. ಒಂದು ಎಕ್ಸ್‌ಎಂಎಲ್ ಕಡತ, ಅದರಲ್ಲಿ ಬರಹಕ್ಕೊಂದು ‘ಐಟಂ’, ಐಟಂ ಒಳಗೆ ಶೀರ್ಷಿಕೆ, ಕೊಂಡಿ, ಪ್ರಕಟವಾದ ಹೊತ್ತು, ನಾಲ್ಕು ಸಾಲಿನ ಸಾರ. ಫೀಡ್ ರೀಡರ್ ಎಂಬ ತಂತ್ರಾಂಶ ಆಗಾಗ ಹೋಗಿ ಈ ಕಡತ ನೋಡಿಕೊಂಡು ಬರುತ್ತದೆ. ಗಸ್ತೇನೂ ನಿಂತಿಲ್ಲ, ಆಳು ಬದಲಾಗಿದ್ದಾನೆ.

ಇಷ್ಟು ಸಣ್ಣ ಕಡತಕ್ಕೂ ಜಗಳ ತಪ್ಪಲಿಲ್ಲ. 2000ದ ಕೊನೆಗೆ ಒಂದು ಗುಂಪು ಆರ್‌ಎಸ್‌ಎಸ್ 1.0 ಹೊರಡಿಸಿತು, ಆ ಗುಂಪಿನಲ್ಲಿದ್ದ ಆರನ್ ಸ್ವಾರ್ಟ್ಜ್‌ಗೆ ಆಗ 14 ವರ್ಷ. ಅತ್ತ ಡೇವ್ ವೈನರ್ ಎಂಬವರು 2002ರಲ್ಲಿ 2.0 ತಂದರು. ಎರಡರ ಸಹವಾಸವೂ ಬೇಡವೆಂದವರು ‘ಆಟಮ್’ ಕಟ್ಟಿ, 2005ರಲ್ಲಿ ಅದಕ್ಕೆ ಅಧಿಕೃತ ಮುದ್ರೆ ಒತ್ತಿಸಿಕೊಂಡರು. ಓದುಗನಿಗೆ ಇದರ ಗೊಡವೆ ಬೇಕಿಲ್ಲ. ರೀಡರ್‌ಗಳು ಮೂರನ್ನೂ ನುಂಗುತ್ತವೆ.

ಅವನ ಫಜೀತಿ ಬೇರೆ. ಬಿಟ್ಟಿ ಚಂದಾ ಎಂದಮೇಲೆ ಕೈ ತಡೆಯುವವರು ಯಾರು? ಸಾಹಿತ್ಯ, ಸಿನಿಮಾ, ಅಡುಗೆ, ಹಕ್ಕಿ, ಕೊನೆಗೆ ತಾನು ಎಂದೂ ಕಲಿಯದ ಗಣಿತ. 2005ರಲ್ಲಿ ಬಂದ ಗೂಗಲ್ ರೀಡರ್, ಓದದೆ ಉಳಿದವು ಸಾವಿರ ಮುಟ್ಟಿದರೆ ಲೆಕ್ಕವನ್ನೇ ಕೈಬಿಟ್ಟು ‘1000+’ ಎಂದು ತೋರಿಸುತ್ತಿತ್ತು. ಯಾರೂ ಕೊಡದ ಸಾಲ, ಆದರೂ ಬಾಕಿ ಎದುರಿಗೇ ಕೂತಿರುತ್ತಿತ್ತು. ಅದಕ್ಕೆಂದೇ ಒಂದು ಬಟನ್: ‘ಎಲ್ಲವನ್ನೂ ಓದಿದ್ದೇನೆಂದು ಗುರುತಿಸು’. ಒತ್ತಿದರೆ ಗಂಗೆಯಲ್ಲಿ ಮಿಂದೆದ್ದಷ್ಟು ಹಗುರ.

2013ರ ಜುಲೈ 1ಕ್ಕೆ ಗೂಗಲ್ ಆ ಅಂಗಡಿಯನ್ನೇ ಮುಚ್ಚಿತು. ಬಾಕಿ ಮನ್ನಾ ಆಯಿತೆಂದು ಖುಷಿಪಡಬೇಕಾದ ಓದುಗರು ಗೋಳಾಡಿದರು, ಸಹಿ ಸಂಗ್ರಹಿಸಿದರು, ಆಮೇಲೆ ಚಂದಾಪಟ್ಟಿಯನ್ನು ಓಪಿಎಂಎಲ್ ಕಡತವಾಗಿ ಇಳಿಸಿಕೊಂಡು ಫೀಡ್ಲಿಯಂಥ ಬೇರೆ ರೀಡರ್‌ಗಳಲ್ಲಿ ಬಿಡಾರ ಹೂಡಿದರು. 2018ರ ಕೊನೆಗೆ ಫೈರ್‌ಫಾಕ್ಸ್ ಕೂಡ ತನ್ನೊಳಗಿನ ಫೀಡ್ ಸೌಲಭ್ಯ ಕಿತ್ತುಹಾಕಿತು.

ಹಾಗಂತ ಫೀಡ್ ಸತ್ತಿಲ್ಲ. ವರ್ಡ್‌ಪ್ರೆಸ್ ಬ್ಲಾಗಾದರೆ ವಿಳಾಸದ ತುದಿಗೆ ಒಂದು ಓರೆಗೆರೆ ಎಳೆದು ಇಂಗ್ಲಿಷಿನಲ್ಲಿ ‘ಫೀಡ್’ ಎಂದು ಬರೆದರೆ ಸಾಕು, ಸಾಮಾನ್ಯವಾಗಿ ಕಡತ ತೆರೆದುಕೊಳ್ಳುತ್ತದೆ. ಬಹುತೇಕ ರೀಡರ್‌ಗಳಿಗೆ ಬ್ಲಾಗಿನ ವಿಳಾಸ ಕೊಟ್ಟರೆ ಉಳಿದದ್ದನ್ನು ಅವೇ ಹುಡುಕಿಕೊಳ್ಳುತ್ತವೆ.

ಪಳಗಿದವರು ಸುದ್ದಿತಾಣಗಳ ಫೀಡ್ ಹಾಕಿಕೊಳ್ಳುವುದಿಲ್ಲ. ದಿನವಿಡೀ ಸುರಿಯುವುದಕ್ಕೆ ಕೊಡೆ ಹಿಡಿದವರೇ ಜಾಣರು. ಫೀಡಿನ ನಿಜವಾದ ಉಪಕಾರ, ವರ್ಷಕ್ಕೊಂದು ಬರೆಯುವ ಆಸಾಮಿಗಳ ವಿಷಯದಲ್ಲಿ. ಅಂಥವರ ಮನೆಗೆ ಯಾರು ದಿನಾ ಹೋಗಿ ಕದ ತಟ್ಟುತ್ತಾರೆ? ಬ್ಲಾಗು ಮುಗಿದೇ ಹೋಯಿತೆಂದು ಚಂದಾ ರದ್ದು ಮಾಡಹೊರಟ ದಿನವೇ ಪಟ್ಟಿಯಲ್ಲಿ ಅದರ ಹೆಸರು ದಪ್ಪಕ್ಷರಕ್ಕೆ ತಿರುಗುತ್ತದೆ. ಓದುಗ ಆತುರಾತುರವಾಗಿ ತೆರೆದರೆ, “ಕ್ಷಮಿಸಿ, ತುಂಬ ದಿನವಾಯಿತು. ಇನ್ನುಮುಂದೆ ತಪ್ಪದೆ ಬರೆಯುತ್ತೇನೆ.” ಅದರ ಕೆಳಗಿನ ಐಟಂ ಹೋದ ವರ್ಷದ್ದು. ಅದೂ ಇದನ್ನೇ ಹೇಳುತ್ತಿರುತ್ತದೆ.